ಫಾರಂ 20ರ ಮುಂದೆ ಕೂತ ಸಂಜೆ

ಟಿ.ವಿ. ನೋಡುವವರಿಗೆ ಮತ ಎಣಿಕೆಯ ದಿನ ಬೆಳಿಗ್ಗೆ ಎಂಟಕ್ಕೆ ಶುರುವಾಗಿ ಹನ್ನೊಂದಕ್ಕೆಲ್ಲ ಮುಗಿದುಹೋಗುತ್ತದೆ. ಎಣಿಕೆ ನಡೆಯುವ ಹಾಲ್‌ನೊಳಗೆ ಅಭ್ಯರ್ಥಿಯ ಏಜೆಂಟರಾಗಿ ಕೂತವರಿಗೆ ಅದು ಮುಗಿಯುವುದು ಸಂಜೆಗೆ, ಕೆಲವೊಮ್ಮೆ ನಡುರಾತ್ರಿಗೆ. 2023ರ ಮೇ 13ರಂದು 224 ಕ್ಷೇತ್ರಗಳ ಎಣಿಕೆ ನಡೆದಾಗ ಸರ್ಕಾರ ಯಾರದ್ದೆಂದು ಮಧ್ಯಾಹ್ನಕ್ಕೇ ಗೊತ್ತಾಗಿತ್ತು. ಬೆಂಗಳೂರಿನ ಜಯನಗರದಲ್ಲಿ ಮಾತ್ರ ಮರು ಎಣಿಕೆ, ಅಂಚೆ ಮತಗಳ ಮರುಪರಿಶೀಲನೆ ಎಲ್ಲ ಆಗಿ ಫಲಿತಾಂಶ ಹೊರಬೀಳುವ ಹೊತ್ತಿಗೆ ತಡರಾತ್ರಿ. ಅಂತರ 16 ಮತ. 2004ರಲ್ಲಿ ಸಂತೇಮರಹಳ್ಳಿಯಲ್ಲಿ ಗೆದ್ದವರಿಗೆ 40,752, ಸೋತವರಿಗೆ 40,751. ಒಂದು ಟೇಬಲಿನಲ್ಲಿ ಒಬ್ಬರು ಒಂದು ಸಾಲು ತಪ್ಪಿ ಬರೆದರೆ ಅಳಿಸಿಹೋಗುವ ಅಂತರಗಳು ಇವು. ಅದಕ್ಕೇ ಈ ಕೆಲಸವನ್ನು ಹೇಗೆ ಮಾಡಬೇಕೆಂದು ವಿವರವಾಗಿ ಬರೆಯುತ್ತಿದ್ದೇವೆ. ಎಣಿಕೆ ಮುಗಿದ ಸಂಜೆ ಕೈಗೆ ಬರುವ ಅಂಕಿಗಳನ್ನು, ಅಂದರೆ ಫಾರಂ 20 ಎಂಬ ಬೂತುವಾರು ಫಲಿತಾಂಶದ ಪಟ್ಟಿಯನ್ನು, ಏನು ಮಾಡಬೇಕು ಎಂಬುದನ್ನೂ ಸೇರಿಸಿ.

ತಯಾರಿ ಶುರುವಾಗುವುದು ಮತದಾನದ ದಿನವೇ. ಮತದಾನ ಮುಗಿದ ಮೇಲೆ ಮತಗಟ್ಟೆಯ ಅಧ್ಯಕ್ಷಾಧಿಕಾರಿ 17ಸಿ ಫಾರಂನ ಮೊದಲ ಭಾಗ ತುಂಬಿ, ಹಾಜರಿರುವ ಪ್ರತಿ ಪೋಲಿಂಗ್ ಏಜೆಂಟರಿಗೂ ಒಂದೊಂದು ಪ್ರತಿ ಕೊಡುತ್ತಾರೆ. ಮತಯಂತ್ರದಲ್ಲಿ ಮತ ದಾಖಲಾಗುವ ಭಾಗವಾದ ಕಂಟ್ರೋಲ್ ಯೂನಿಟ್ಟಿನ ನಂಬರು, ಅದರಲ್ಲಿ ದಾಖಲಾದ ಒಟ್ಟು ಮತ, ಪೇಪರ್ ಸೀಲುಗಳ ಕ್ರಮಸಂಖ್ಯೆ ಎಲ್ಲ ಅದರಲ್ಲಿವೆ. ಎಣಿಕೆಯ ದಿನ ನಮ್ಮ ಕೈಯಲ್ಲಿರುವ ಏಕೈಕ ಆಧಾರ ಆ ಹಾಳೆ. ಹೆಚ್ಚಿನ ಕಡೆ ಎಡವಟ್ಟಾಗುವುದೂ ಇಲ್ಲೇ. ಏಜೆಂಟರು ಸಂಜೆ ಐದಕ್ಕೆ ಊಟವಿಲ್ಲದೆ ಸೋತು ಮನೆಗೆ ಹೊರಟಿರುತ್ತಾರೆ, ಇಲ್ಲವೇ ಕೊನೆಯ ಬಸ್ಸು ಹಿಡಿಯಲು ಓಡಿರುತ್ತಾರೆ. 250 ಬೂತುಗಳ ಕ್ಷೇತ್ರದಲ್ಲಿ 250 ಹಾಳೆ ಕೈಸೇರಬೇಕು. ಅಂದು ರಾತ್ರಿಯೇ ಹೋಬಳಿವಾರು ಒಬ್ಬರು ಹೊಣೆ ಹೊತ್ತು ಹಾಳೆಗಳನ್ನು ಕೂಡಿಸಿ, ಬೂತ್ ನಂಬರಿನ ಕ್ರಮದಲ್ಲಿ ಜೋಡಿಸಿಡಬೇಕು. ಎರಡು ದಿನ ಬಿಟ್ಟು ಕೇಳಿದರೆ ಅರ್ಧ ಸಿಗುವುದಿಲ್ಲ.

ಎಣಿಕೆ ಏಜೆಂಟರ ನೇಮಕ ಫಾರಂ 18ರಲ್ಲಿ. ಹೆಸರು, ಫೋಟೋ ಸಮೇತ ಪಟ್ಟಿಯನ್ನು ಎಣಿಕೆಗೆ ಮೂರು ದಿನ ಮೊದಲು ಸಂಜೆ ಐದರೊಳಗೆ ಚುನಾವಣಾಧಿಕಾರಿಗೆ ಕೊಡಬೇಕು. ಮಂತ್ರಿ, ಸಂಸದ, ಶಾಸಕ, ಮೇಯರ್, ಪೊಲೀಸ್ ಭದ್ರತೆ ಇರುವವರು ಯಾರೂ ಏಜೆಂಟರಾಗುವಂತಿಲ್ಲ. ಟೇಬಲ್ಲಿಗೊಬ್ಬರು, ಚುನಾವಣಾಧಿಕಾರಿಯ ಟೇಬಲ್ಲಿಗೊಬ್ಬರು, ಅಂಚೆ ಮತದ ಟೇಬಲುಗಳಿಗೆ ಬೇರೆ. ಇಲ್ಲಿ ಪಕ್ಷದಲ್ಲಿ ಹಿರಿಯರೆಂದು ಯಾರನ್ನೂ ಕೂರಿಸಬಾರದು. ಕಣ್ಣು ಚೆನ್ನಾಗಿರಬೇಕು, ಅಂಕಿ ದುಂಡಗೆ ಬರೆಯಬೇಕು, ಎಂಟು ಗಂಟೆ ಒಂದೇ ಕಡೆ ಕೂರುವ ತಾಳ್ಮೆ ಬೇಕು. ಶಾಲೆಯಲ್ಲಿ ಹಾಜರಿ ಪುಸ್ತಕ ಬರೆದು ರೂಢಿಯಿದ್ದವರು, ಹಾಲಿನ ಡೇರಿಯಲ್ಲಿ ಲೆಕ್ಕ ಬರೆದವರು ಈ ಕೆಲಸಕ್ಕೆ ಹೇಳಿ ಮಾಡಿಸಿದವರು. ಮೊಬೈಲ್ ಒಳಗೆ ಬಿಡುವುದಿಲ್ಲ. ಪೆನ್ನು, ಬಿಳಿ ಹಾಳೆ, 17ಸಿ ಪ್ರತಿ, ಇಷ್ಟೇ. ಎರಡು ಪೆನ್ನು ಇಟ್ಟುಕೊಳ್ಳಿ. ಬರೆಯುವ ಹಾಳೆಗೆ ಮೊದಲೇ ಗೆರೆ ಎಳೆದು, ಎಡಗಡೆ ಅಭ್ಯರ್ಥಿಗಳ ಹೆಸರನ್ನು ಮತಪತ್ರದಲ್ಲಿರುವ ಕ್ರಮಸಂಖ್ಯೆಯಲ್ಲೇ ಬರೆದಿಡಿ. ‘ನಮ್ಮವರು, ಎದುರಾಳಿ, ಉಳಿದವರು’ ಅಂತ ತಮ್ಮ ಅನುಕೂಲದ ಕ್ರಮದಲ್ಲಿ ಬರೆದುಕೊಂಡವರೇ ಮೂರನೇ ರೌಂಡಿಗೆ ಸಾಲು ತಪ್ಪುವುದು.

ಬೆಳಿಗ್ಗೆ ಅಭ್ಯರ್ಥಿಗಳ ಎದುರಿನಲ್ಲೇ ವಿಡಿಯೋ ಮಾಡಿಕೊಳ್ಳುತ್ತ ಸ್ಟ್ರಾಂಗ್ ರೂಂ ಬೀಗ ತೆಗೆಯುತ್ತಾರೆ. ಎಂಟಕ್ಕೆ ಅಂಚೆ ಮತ. ಹೊರಗಿನ ದೊಡ್ಡ ಕವರು 13ಸಿ, ಅದರೊಳಗೆ 13ಎ ಘೋಷಣೆ, ಜೊತೆಗೆ ಮತಪತ್ರವಿರುವ ಸಣ್ಣ ಕವರು 13ಬಿ. ಘೋಷಣೆಗೆ ಸಹಿ ಇಲ್ಲ, ದೃಢೀಕರಣ ಇಲ್ಲ, ಅಥವಾ ಘೋಷಣೆಯಲ್ಲಿನ ಮತಪತ್ರ ಸಂಖ್ಯೆಗೂ ಕವರಿನ ಮೇಲಿನ ಸಂಖ್ಯೆಗೂ ತಾಳೆಯಿಲ್ಲ ಎಂದರೆ ಒಳಗಿನ ಕವರನ್ನು ತೆರೆಯದೆಯೇ ತಿರಸ್ಕರಿಸುತ್ತಾರೆ. ತಿರಸ್ಕಾರವಾದ ಪ್ರತಿಯೊಂದಕ್ಕೂ ಕಾರಣ ಬರೆದುಕೊಳ್ಳಿ, ಎಷ್ಟಾಯಿತೆಂದು ಒಟ್ಟು ಹಾಕಿಡಿ. ಕೊನೆಯ ಅಂತರ ಈ ಸಂಖ್ಯೆಗಿಂತ ಕಡಿಮೆಯಾದರೆ ಆ ಎಲ್ಲವನ್ನೂ ಮತ್ತೆ ನೋಡಬೇಕಾಗುತ್ತದೆ. ಬೆಳಿಗ್ಗೆ ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳದ ಈ ಟೇಬಲು ಸಂಜೆ ಹೊತ್ತಿಗೆ ಇಡೀ ಹಾಲಿನ ಕಣ್ಣು ಬೀಳುವ ಜಾಗವಾಗಬಹುದು.

ಎಂಟೂವರೆಗೆ ಯಂತ್ರಗಳ ಎಣಿಕೆ. ಸಾಮಾನ್ಯವಾಗಿ ಹದಿನಾಲ್ಕು ಟೇಬಲು, ಪ್ರತಿ ಟೇಬಲಿಗೆ ಒಬ್ಬ ಮೇಲ್ವಿಚಾರಕರು, ಒಬ್ಬ ಸಹಾಯಕರು, ಎಲ್ಲವನ್ನೂ ಗಮನಿಸುವ ಒಬ್ಬ ಮೈಕ್ರೋ ಅಬ್ಸರ್ವರ್. 1ರಿಂದ 14ನೇ ಬೂತಿನ ಯಂತ್ರಗಳು ಮೊದಲ ರೌಂಡು. 250 ಬೂತಿದ್ದರೆ 18 ರೌಂಡು, ಕೊನೆಯ ರೌಂಡಿನಲ್ಲಿ ಎರಡು ಟೇಬಲು ಖಾಲಿ. ಏಜೆಂಟರು ಜಾಲರಿಯ ಈಚೆ ಇರುತ್ತಾರೆ, ಯಂತ್ರ ಮುಟ್ಟುವಂತಿಲ್ಲ.

ಯಂತ್ರ ಮೇಜಿಗೆ ಬಂದ ಕೂಡಲೇ ಮತ ನೋಡಬೇಡಿ, ನಂಬರು ನೋಡಿ. ಪೆಟ್ಟಿಗೆಯ ಸೀಲು, ಕಂಟ್ರೋಲ್ ಯೂನಿಟ್ಟಿನ ನಂಬರು, ಹಸಿರು ಪೇಪರ್ ಸೀಲಿನ ಕ್ರಮಸಂಖ್ಯೆ, ಇವು ನಿಮ್ಮ 17ಸಿ ಪ್ರತಿಯೊಂದಿಗೆ ಸರಿಹೋಗಬೇಕು. ಆಮೇಲೆ ಹಿಂಬದಿಯ ಸ್ವಿಚ್ಚು ಹಾಕಿ, ಹಸಿರು ಸೀಲಿಗೆ ತೂತು ಮಾಡಿ ಅದರ ಕೆಳಗಿನ ರಿಸಲ್ಟ್ ಗುಂಡಿ ಒತ್ತುತ್ತಾರೆ. ಪರದೆಯ ಮೇಲೆ ಮೊದಲು ಒಟ್ಟು ಮತ, ನಂತರ ಒಬ್ಬೊಬ್ಬರದ್ದೇ ಕ್ರಮವಾಗಿ, ಕೊನೆಗೆ ನೋಟಾ. ಒಟ್ಟು ಮತ ಬಂದಾಗ ನಿಮ್ಮ ಹಾಳೆಯ ಒಟ್ಟಿನ ಜೊತೆ ತಾಳೆ ನೋಡುವುದು ಮೊದಲ ಕೆಲಸ. ಒಂದು ಅಂಕಿ ಕಣ್ತಪ್ಪಿದರೆ ಅಂದಾಜಿನಲ್ಲಿ ತುಂಬಬೇಡಿ, ‘ಸರ್, ಇನ್ನೊಂದ್ ಸಲ ಒತ್ತಿ’ ಎಂದು ಕೇಳಿ. ಕೇಳಿದರೆ ಮತ್ತೆ ತೋರಿಸುತ್ತಾರೆ, ಅದು ನಿಮ್ಮ ಹಕ್ಕು. ಬರೆದಾದ ಮೇಲೆ ಎಲ್ಲವನ್ನೂ ಅಲ್ಲೇ ಕೂಡಿ. ಎಲ್ಲ ಅಭ್ಯರ್ಥಿಗಳ ಮತ ಮತ್ತು ನೋಟಾ ಸೇರಿದರೆ ಪರದೆಯ ಒಟ್ಟು ಬರಬೇಕು. ಬಂದರೆ ಮಾತ್ರ 17ಸಿಯ ಎರಡನೇ ಭಾಗಕ್ಕೆ ಸಹಿ ಹಾಕಿ.

ಏನು ಕೆಡುತ್ತದೆ? ಒಂದು, ಪರದೆ ಬೆಳಗುವುದೇ ಇಲ್ಲ. ಆ ಯಂತ್ರವನ್ನು ಬದಿಗಿಟ್ಟು ಎಣಿಕೆ ಮುಂದುವರಿಸುತ್ತಾರೆ. ಎರಡು, ಯಂತ್ರದ ಒಟ್ಟು ಮತ 17ಸಿಗಿಂತ ಹೆಚ್ಚಾಗಿ ಕಾಣುತ್ತದೆ. ಇದನ್ನು ಕಂಡ ತಕ್ಷಣ ಕೂಗಾಟ ಶುರುವಾಗುತ್ತದೆ, ಆದರೆ ಮೊದಲು ವ್ಯತ್ಯಾಸ ಎಷ್ಟೆಂದು ನೋಡಿ. ಮತದಾನಕ್ಕೆ ಮುಂಚೆ ಏಜೆಂಟರೆದುರು ಕನಿಷ್ಠ 50 ಅಣಕು ಮತ ಹಾಕಿ ತೋರಿಸಿ, ಆಮೇಲೆ ಕ್ಲಿಯರ್ ಗುಂಡಿ ಒತ್ತಿ ಅಳಿಸಬೇಕು. ಬೆಳಗಿನ ಗಡಿಬಿಡಿಯಲ್ಲಿ ಅದು ಮರೆತರೆ ಆ ಮತಗಳು ಒಳಗೇ ಉಳಿಯುತ್ತವೆ. ವ್ಯತ್ಯಾಸ 50ರ ಆಸುಪಾಸಿದ್ದರೆ ಕಾರಣ ಬಹುಪಾಲು ಇದೇ. ಇಂಥ ಯಂತ್ರಗಳನ್ನೂ ಬದಿಗಿಡುತ್ತಾರೆ. ಕೊನೆಯ ಅಂತರ ಆ ಯಂತ್ರಗಳ ಒಟ್ಟು ಮತಕ್ಕಿಂತ ದೊಡ್ಡದಾಗಿದ್ದರೆ ಅವು ಫಲಿತಾಂಶವನ್ನು ಬದಲಿಸಲಾರವು. ಸಣ್ಣದಾಗಿದ್ದರೆ ವಿವಿಪ್ಯಾಟ್ ಚೀಟಿ, ಅಂದರೆ ಮತ ಯಾರಿಗೆ ಬಿತ್ತೆಂದು ಮತಯಂತ್ರದ ಜೊತೆಗಿನ ಮುದ್ರಣ ಯಂತ್ರ ಅಚ್ಚು ಹಾಕಿದ ಚೀಟಿ, ಎಣಿಸುತ್ತಾರೆ. ಆದ್ದರಿಂದ ಬದಿಗಿಟ್ಟ ಯಂತ್ರದ ಬೂತ್ ನಂಬರು, ಟೇಬಲು, ರೌಂಡು, ಒಟ್ಟು ಮತ ಇವನ್ನು ಬೇರೆಯೇ ಹಾಳೆಯಲ್ಲಿ ಬರೆದಿಡಿ. ಮೂರನೆಯದು ತೀರಾ ಸಾಮಾನ್ಯ: ಯಂತ್ರ ಸರಿ, ಕೈಬರಹ ತಪ್ಪು. 1 ಬರೆದದ್ದನ್ನು 7 ಎಂದು ಓದಿ ಕಂಪ್ಯೂಟರಿಗೆ ಏರಿಸುತ್ತಾರೆ. ಪ್ರತಿ ರೌಂಡಿನ ಕೊನೆಗೆ ಬೋರ್ಡಿನ ಮೇಲೆ ಬಂದ ಟೇಬಲುವಾರು ಅಂಕಿಯನ್ನು ನಿಮ್ಮ ಹಾಳೆಯೊಂದಿಗೆ ಹೋಲಿಸಿದರೆ ಇದು ಅಲ್ಲೇ ಸಿಕ್ಕುತ್ತದೆ. ಐದು ರೌಂಡು ಕಳೆದ ಮೇಲೆ ಹುಡುಕುವುದು ಬಹಳ ಕಷ್ಟ.

ಮಧ್ಯಾಹ್ನದ ಹೊತ್ತಿಗೆ ಹಾಲಿನಲ್ಲಿ ಒಂದು ಬದಲಾವಣೆ ಕಾಣುತ್ತದೆ. ಲೀಡು 8,000 ದಾಟಿತೆಂದು ಗೆಲ್ಲುವ ಕಡೆಯ ಏಜೆಂಟರು ಬರೆಯುವುದನ್ನು ನಿಲ್ಲಿಸಿ ಎದ್ದು ಓಡಾಡುತ್ತಾರೆ. ಸೋಲುವ ಕಡೆಯವರು ಒಬ್ಬೊಬ್ಬರಾಗಿ ಹೊರಗೆ ಹೋಗಿ ತಿರುಗಿ ಬರುವುದಿಲ್ಲ. ಹನ್ನೆರಡನೇ ರೌಂಡಿನ ನಂತರ ಜಾಲರಿಯ ಈಚೆ ಅರ್ಧ ಕುರ್ಚಿ ಖಾಲಿ. ಗೆಲುವೊಂದೇ ಬೇಕಿದ್ದವರಿಗೆ ಉಳಿದ ಆರು ರೌಂಡಿನಲ್ಲಿ ಏನೂ ಇಲ್ಲ. ಆದರೆ ಆ ಆರು ರೌಂಡಿನಲ್ಲಿ 82 ಬೂತುಗಳಿವೆ, ಹೆಚ್ಚುಕಡಿಮೆ ಕ್ಷೇತ್ರದ ಮೂರನೇ ಒಂದು ಪಾಲು ಊರುಗಳು. ಅಲ್ಲಿಯ ಜನರೂ ಸಾಲಿನಲ್ಲಿ ನಿಂತು ಮತ ಹಾಕಿದ್ದಾರೆ. ಅವರು ಹೇಳಿದ್ದನ್ನು ಬರೆದುಕೊಳ್ಳಲು ಯಾರಾದರೂ ಕೂತಿರಬೇಕು. ಅಧಿಕಾರದ ಆಸೆಯೂ ಉದ್ದೇಶವೂ ಬೇರೆ ಬೇರೆಯೆಂದು ಭಾಷಣದಲ್ಲಿ ತಿಳಿಯುವುದಿಲ್ಲ. ನಮಗೆ ಅದು ಕಂಡದ್ದು ಈ ಖಾಲಿ ಕುರ್ಚಿಗಳಲ್ಲಿ. ಆಸೆ ತಪ್ಪೆಂದು ಹೇಳುತ್ತಿಲ್ಲ, ಆಸೆಯಿಲ್ಲದವರು ನಾಮಪತ್ರ ಹಾಕುವುದೂ ಇಲ್ಲ, ಬಿಸಿಲಿನಲ್ಲಿ ಮನೆ ಮನೆ ತಿರುಗುವುದೂ ಇಲ್ಲ. ಆದರೆ ಅದು ಹನ್ನೆರಡನೇ ರೌಂಡಿನವರೆಗೆ ಮಾತ್ರ ಕೂರಿಸಬಲ್ಲದು.

ಕೊನೆಯ ರೌಂಡಾದ ಮೇಲೆ ಐದು ಬೂತುಗಳ ವಿವಿಪ್ಯಾಟ್ ಚೀಟಿ ಎಣಿಕೆ. ಬೂತ್ ನಂಬರು ಬರೆದ ಚೀಟಿಗಳನ್ನು ಮಡಚಿ ಡಬ್ಬಕ್ಕೆ ಹಾಕಿ ಎಲ್ಲರೆದುರು ಎತ್ತುತ್ತಾರೆ. ಐದು ಎಂಬುದು 2019ರ ಸುಪ್ರೀಂ ಕೋರ್ಟ್ ಆದೇಶದಿಂದ ಬಂದದ್ದು, ಅದಕ್ಕೆ ಮುಂಚೆ ಒಂದೇ ಇತ್ತು. ಯಂತ್ರಕ್ಕೂ ಚೀಟಿಗೂ ವ್ಯತ್ಯಾಸ ಬಂದರೆ ಚೀಟಿಯ ಲೆಕ್ಕವೇ ಅಂತಿಮ. ನಿಧಾನದ ಕೆಲಸ, ಹೊರಗೆ ಆಗಲೇ ಪಟಾಕಿ ಹೊಡೆಯುತ್ತಿರುತ್ತಾರೆ, ಎಲ್ಲರಿಗೂ ಹೊರಡುವ ಅವಸರ.

ಇದಾದ ಮೇಲೆ ಎಲ್ಲ ಬೂತುಗಳ ಅಂಕಿ ಸೇರಿ ಫಾರಂ 20 ತಯಾರಾಗುತ್ತದೆ. ಚುನಾವಣಾಧಿಕಾರಿ ಒಟ್ಟು ಓದಿ ಹೇಳಿ, ಸಹಿ ಹಾಕುವ ಮೊದಲು ಒಂದೆರಡು ನಿಮಿಷ ತಡೆಯುತ್ತಾರೆ. ಮರು ಎಣಿಕೆ ಕೇಳಬೇಕಾದವರು ಕೇಳಬೇಕಾದ್ದು ಆ ಒಂದೆರಡು ನಿಮಿಷದಲ್ಲಿ, ಬರವಣಿಗೆಯಲ್ಲಿ, ಕಾರಣ ಸಮೇತ. ಸಹಿಯಾದ ಮೇಲೆ ಅವಕಾಶವಿಲ್ಲ. ‘ನಮಗೆ ಅನುಮಾನವಿದೆ’ ಎಂದು ಬರೆದರೆ ತಿರಸ್ಕಾರವಾಗುವುದು ಖಂಡಿತ. ‘ಇಂಥ ರೌಂಡು, ಇಂಥ ಟೇಬಲು, ಇಂಥ ಬೂತು, ನಮ್ಮ ಹಾಳೆಯಲ್ಲಿ ಇಷ್ಟು, ನಿಮ್ಮಲ್ಲಿ ಇಷ್ಟು’ ಎಂದು ಬರೆದರೆ ಅದಕ್ಕೆ ತೂಕ ಬರುತ್ತದೆ. ಬೆಳಗಿನಿಂದ ದುಂಡಗೆ ಬರೆದ ಹಾಳೆ ಉಪಯೋಗಕ್ಕೆ ಬರುವ ಗಳಿಗೆ ಇದೇ. ಆಮೇಲೆ ಘೋಷಣೆ, ಗೆದ್ದವರಿಗೆ ಫಾರಂ 22ರ ಪ್ರಮಾಣಪತ್ರ. ಸಮ ಮತ ಬಂದರೆ ಚೀಟಿ ಎತ್ತುವುದು ಕಾನೂನಿನಲ್ಲೇ ಇರುವ ಕ್ರಮ. ಸೋತವರು ಠೇವಣಿ ಉಳಿಸಿಕೊಳ್ಳಲು ಸಿಂಧುವಾದ ಒಟ್ಟು ಮತದ ಆರನೇ ಒಂದಕ್ಕಿಂತ ಹೆಚ್ಚು ಪಡೆದಿರಬೇಕು: 1,50,000 ಸಿಂಧು ಮತಕ್ಕೆ 25,000 ದಾಟಬೇಕು. ನೋಟಾ ಈ ಲೆಕ್ಕಕ್ಕೆ ಸೇರುವುದಿಲ್ಲ.

ಸಂಜೆಯಾಯಿತು. ಗೆದ್ದವರ ಮನೆ ಮುಂದೆ ಕ್ರೇನಿಗೆ ತೂಗುಹಾಕಿದ ಸೇಬಿನ ಹಾರ, ಜೆ.ಸಿ.ಬಿ.ಯಿಂದ ಸುರಿಯುವ ಹೂವು. ‘ಅಣ್ಣನಿಗೆ ಯಾವ ಖಾತೆ ಸಿಗಬಹುದು?’ ಎಂಬ ಮಾತು ಪ್ರಮಾಣಪತ್ರದ ಮಸಿ ಒಣಗುವ ಮೊದಲೇ ಶುರುವಾಗಿರುತ್ತದೆ. ಸೋತವರ ಮನೆಯಲ್ಲಿ ಶಾಮಿಯಾನದವರ ಕುರ್ಚಿಗಳು, ಆರಿಹೋದ ಟೀ, ಮೆಲುದನಿ. 2023ರ ಮೇ 13ರ ಸಂಜೆ 2,600ಕ್ಕೂ ಹೆಚ್ಚು ಅಭ್ಯರ್ಥಿಗಳಲ್ಲಿ 224 ಮಂದಿಯ ಮನೆ ಮುಂದೆ ಮಾತ್ರ ಹಾರ ಇತ್ತು. ಎರಡೂ ಕಡೆ ಯಾರೋ ಒಬ್ಬರು ಬೂತುವಾರು ಪಟ್ಟಿ ಬಿಚ್ಚುತ್ತಾರೆ. ಎರಡೂ ಕಡೆ ಮೊದಲ ಪ್ರಶ್ನೆ ಒಂದೇ: ‘ಯಾವ ಊರು ಕೈಕೊಡ್ತು?’

ಈ ಪ್ರಶ್ನೆಯ ಬಗ್ಗೆಯೇ ನಾವು ಬಹಳ ಯೋಚಿಸಿದ್ದೇವೆ. ಫಾರಂ 20ರಲ್ಲಿ ಪ್ರತಿ ಬೂತಿಗೂ ಒಂದು ಸಾಲು. 600 ಮತದ ಒಂದು ಬೂತೆಂದರೆ ಎರಡು ಕೇರಿ, ಒಂದು ಹಾಡಿ, ಒಂದು ತಾಂಡಾ. ಒಬ್ಬೊಬ್ಬರ ಮತ ಗುಟ್ಟಾಗಿಯೇ ಉಳಿದರೂ ಇಡೀ ಕೇರಿಯ ಮತ ಬಯಲಾಗುತ್ತದೆ. ಮತಪತ್ರದ ಕಾಲದಲ್ಲಿ ಇದಕ್ಕೊಂದು ಉಪಾಯವಿತ್ತು. 59ಎ ನಿಯಮದ ಪ್ರಕಾರ ಹಲವು ಬೂತುಗಳ ಮತಪತ್ರಗಳನ್ನು ಕಲಸಿ ಎಣಿಸಬಹುದಿತ್ತು. ಯಂತ್ರ ಬಂದ ಮೇಲೆ ಆ ಮುಸುಕು ಹೋಯಿತು. ಹಲವು ಯಂತ್ರಗಳ ಮತವನ್ನು ಒಟ್ಟಿಗೇ ಕೂಡಿ ತೋರಿಸುವ ಟೋಟಲೈಸರ್ ಎಂಬ ಉಪಕರಣ ಬಳಸೋಣವೆಂದು ಚುನಾವಣಾ ಆಯೋಗ 2008ರಲ್ಲಿ ಪ್ರಸ್ತಾಪಿಸಿತು, ಕಾನೂನು ಆಯೋಗ 2015ರ ತನ್ನ 255ನೇ ವರದಿಯಲ್ಲಿ ಅದನ್ನೇ ಶಿಫಾರಸು ಮಾಡಿತು. ಕೇಂದ್ರ ಸರ್ಕಾರ ಒಪ್ಪಲಿಲ್ಲ. ಬೂತುವಾರು ಅಂಕಿ ಗೊತ್ತಾದರೆ ಎಲ್ಲಿ ಹೆಚ್ಚು ಕೆಲಸ ಮಾಡಬೇಕೆಂದು ತಿಳಿಯುತ್ತದೆ ಎಂಬ ವಾದವೂ ಇದೆ, ಅದನ್ನು ತಳ್ಳಿಹಾಕಲಾಗದು. ಆದರೆ ಓದುವವರ ಮನಸ್ಸು ಹೇಗಿದೆಯೋ ಪಟ್ಟಿಯೂ ಹಾಗೆಯೇ ಕೆಲಸ ಮಾಡುತ್ತದೆ. ಅದೇ ಸಾಲನ್ನು ನೋಡಿ ಒಬ್ಬರು ಬೋರ್‌ವೆಲ್ ರದ್ದು ಮಾಡಿಸುತ್ತಾರೆ, ಇನ್ನೊಬ್ಬರು ಅಲ್ಲಿ ನೀರು ಯಾಕೆ ಬರುತ್ತಿಲ್ಲವೆಂದು ವಿಚಾರಿಸಲು ಹೋಗುತ್ತಾರೆ.

ಸೋತ ಸಂಜೆಗಳ ಮಾತು ಬಂದಾಗ ನೆನಪಾಗುವವರು ಸಮಾಜವಾದಿ ನಾಯಕ ಶಾಂತವೇರಿ ಗೋಪಾಲಗೌಡರು. 1951ರಲ್ಲಿ ಸಾಗರದ ಬಳಿಯ ಕಾಗೋಡಿನಲ್ಲಿ ಗೇಣಿದಾರರು ಭತ್ತ ಅಳೆಯುವ ಕೊಳಗದ ವಿಚಾರಕ್ಕೆ ಎದ್ದುನಿಂತರು. ಎಚ್. ಗಣಪತಿಯಪ್ಪನವರು ಮುಂದೆ ನಿಂತ ಆ ಸತ್ಯಾಗ್ರಹಕ್ಕೆ ಗೋಪಾಲಗೌಡರಂಥ ಸಮಾಜವಾದಿಗಳು ಹೆಗಲು ಕೊಟ್ಟರು, ಅವರ ರಾಷ್ಟ್ರೀಯ ನಾಯಕ ರಾಮಮನೋಹರ ಲೋಹಿಯಾ ಬಂದು ಬಂಧನಕ್ಕೊಳಗಾದರು. 1952ರಲ್ಲಿ ಗೋಪಾಲಗೌಡರು ಶಾಸಕರಾದರು, 1957ರಲ್ಲಿ ಸೋತರು, 1962 ಮತ್ತು 1967ರಲ್ಲಿ ಮತ್ತೆ ಗೆದ್ದರು. ಜನರಿಂದ ಒಂದು ಓಟಿನ ಜೊತೆ ಒಂದು ನೋಟನ್ನೂ ಕೇಳಿ ಚುನಾವಣೆ ನಡೆಸಿದವರು. ಮಂತ್ರಿ ಪದವಿ ಅವರಿಗೆ ಬರಲೇ ಇಲ್ಲ. 1972ರಲ್ಲಿ ತೀರಿಕೊಂಡರು. ಉಳುವವನಿಗೇ ಭೂಮಿ ಕೊಡುವ ಭೂಸುಧಾರಣಾ ತಿದ್ದುಪಡಿ ಜಾರಿಗೆ ಬಂದದ್ದು 1974ರ ಮಾರ್ಚ್ 1ರಿಂದ, ದೇವರಾಜ ಅರಸರ ಸರ್ಕಾರದಲ್ಲಿ. ಮಲೆನಾಡಿನ ಎಷ್ಟೋ ಮನೆಗಳ ಪೆಟ್ಟಿಗೆಯಲ್ಲಿ ಇಂದಿಗೂ ಇರುವುದು ಗೇಣಿ ಭೂಮಿ ತಮ್ಮದಾಗಲೆಂದು ಭೂನ್ಯಾಯ ಮಂಡಳಿಗೆ ಹಾಕಿದ ಅರ್ಜಿಯ, ಅಂದರೆ ಫಾರಂ 7ರ, ಪ್ರತಿ. 1957ರ ಸೋಲಿನ ಸಂಜೆ ಕೊಳಗದ ಪ್ರಶ್ನೆಯನ್ನು ಗೆಲುವಿನ ಜೊತೆಗೆ ಕಟ್ಟಿ ಎಸೆದಿದ್ದರೆ ಆ ಕಾಗದದ ಹಿಂದಿನ ಹೋರಾಟಕ್ಕೆ ಒಂದು ದೊಡ್ಡ ದನಿ ಇಲ್ಲವಾಗುತ್ತಿತ್ತು. 1989ರಲ್ಲಿ ಎಂಬತ್ತೇಳರ ವಯಸ್ಸಿನಲ್ಲಿ ಕೈಗಾ ಅಣುಸ್ಥಾವರದ ವಿರುದ್ಧ ಉತ್ತರ ಕನ್ನಡದಿಂದ ಲೋಕಸಭೆಗೆ ನಿಂತ ಶಿವರಾಮ ಕಾರಂತರೂ ಗೆಲ್ಲಲಿಲ್ಲ, ಸ್ಥಾವರವೂ ನಿಲ್ಲಲಿಲ್ಲ. ಉದ್ದೇಶವಿದ್ದವರಿಗೆ ಕೊನೆಗೆ ಗೆಲುವು ಸಿಕ್ಕೇ ಸಿಗುತ್ತದೆಂದು ನಾವು ಹೇಳಲಾರೆವು. ಆದರೆ ಆ ಪ್ರಶ್ನೆಯನ್ನು ಮತಗಟ್ಟೆಯವರೆಗೆ ಒಯ್ಯುವ ಕೆಲಸವಂತೂ ಆಯಿತು.

ಹಾಗಾದರೆ ಪಟ್ಟಿಯನ್ನು ಓದುವುದು ಹೇಗೆ? ಅಂದು ರಾತ್ರಿ ಓದಬೇಡಿ. ಸಿಟ್ಟು, ಸಂಭ್ರಮ ಎರಡೂ ಅಂಕಿಯನ್ನು ತಿರುಚುತ್ತವೆ. ಎರಡು ದಿನ ಬಿಟ್ಟು, ಪ್ರತಿ ಬೂತಿಗೂ ಮೂರು ಅಂಕಣ ಮಾಡಿ: ಪಟ್ಟಿಯಲ್ಲಿರುವ ಮತದಾರರು, ಮತ ಹಾಕಿದವರು, ನಿಮಗೆ ಬಂದ ಮತ. ಎಲ್ಲರ ಗಮನ ಮೂರನೆಯದರ ಮೇಲಿರುತ್ತದೆ. ನಮ್ಮ ಪ್ರಕಾರ ಹೆಚ್ಚು ಹೇಳುವುದು ಮೊದಲೆರಡರ ನಡುವಿನ ಅಂತರ. ಕ್ಷೇತ್ರದಲ್ಲಿ ನೂರಕ್ಕೆ 75 ಮತದಾನವಾಗಿದ್ದು ಒಂದು ಬೂತಿನಲ್ಲಿ 50 ಮಾತ್ರ ಆಗಿದೆ ಎಂದರೆ ಕಾರಣ ಹುಡುಕಲೇಬೇಕು. ಕೂಲಿಗೆ ಗುಳೆ ಹೋಗಿದ್ದಾರೆಯೇ, ಮತಗಟ್ಟೆ ನಾಲ್ಕು ಕಿಲೋಮೀಟರ್ ದೂರವೇ, ಸತ್ತವರ ಹೆಸರು ತೆಗೆದಿಲ್ಲವೇ, ಅಥವಾ ರಸ್ತೆಗಾಗಿ ಬಹಿಷ್ಕಾರ ಹಾಕಿದರೇ? ನೋಟಾ ಎದ್ದು ಕಾಣುವ ಬೂತುಗಳನ್ನು ಬೇರೆ ಗುರುತು ಮಾಡಿ. ಹಿಂದಿನ ಚುನಾವಣೆಯ ಜೊತೆ ಹೋಲಿಸುವಾಗ ಬೂತ್ ನಂಬರು ನಂಬಬೇಡಿ, ಮತದಾರರು ಹೆಚ್ಚಾದ ಬೂತುಗಳನ್ನು ಒಡೆದಾಗ ಸಂಖ್ಯೆಗಳೆಲ್ಲ ಮುಂದೆ ಸರಿದಿರುತ್ತವೆ. ಶಾಲೆಯ ಹೆಸರು, ಕೊಠಡಿ, ಊರಿನ ಹೆಸರು ನೋಡಿ ಹೊಂದಿಸಿ. ನಿಮ್ಮ ಪ್ರತಿ ಕಳೆದಿದ್ದರೆ ಮುಖ್ಯ ಚುನಾವಣಾಧಿಕಾರಿಗಳ ವೆಬ್‌ಸೈಟಿನಲ್ಲಿ ಫಾರಂ 20 ಹಾಕುತ್ತಾರೆ.

ಇದರ ಜೊತೆಗೇ ಲೆಕ್ಕದ ಕೆಲಸ. ನಾಮನಿರ್ದೇಶನದ ದಿನದಿಂದ ಫಲಿತಾಂಶ ಘೋಷಣೆಯ ದಿನದವರೆಗಿನ ಖರ್ಚು, ಆ ಎರಡೂ ದಿನಗಳು ಸೇರಿ, ಅಭ್ಯರ್ಥಿಯ ಲೆಕ್ಕಕ್ಕೆ ಬರುತ್ತದೆ. 2023ರ ವಿಧಾನಸಭೆಗೆ ಮಿತಿ 40 ಲಕ್ಷ ರೂಪಾಯಿ. ಘೋಷಣೆಯಾದ 30 ದಿನದೊಳಗೆ ಜಿಲ್ಲಾ ಚುನಾವಣಾಧಿಕಾರಿಗೆ ಸಲ್ಲಿಸಬೇಕು, ಗೆದ್ದವರೂ ಸೋತವರೂ. ತಪ್ಪಿದರೆ ಮೂರು ವರ್ಷ ಅನರ್ಹತೆ. ಠೇವಣಿ ಕಳೆದುಕೊಂಡ ಪಕ್ಷೇತರರೇ ಇದರಲ್ಲಿ ಹೆಚ್ಚು ಸಿಕ್ಕಿಬೀಳುತ್ತಾರೆ, ಸೋತ ಮೇಲೆ ಇನ್ನೇನು ಲೆಕ್ಕವೆಂದು ಬಿಟ್ಟುಬಿಡುವುದರಿಂದ. ಶಾಮಿಯಾನ, ಮೈಕು, ಆಟೋ, ಹೋಟೆಲಿನವರ ಬಾಕಿಯನ್ನು ಮೊದಲ ವಾರದಲ್ಲೇ ತೀರಿಸಿ ರಸೀದಿ ಪಡೆಯಿರಿ. ಅಭ್ಯರ್ಥಿ ಸೋತರೆಂದು ಬಾಕಿ ಮುಳುಗಿಸಿಕೊಂಡ ಮೈಕಿನವರು ಪ್ರತಿ ತಾಲ್ಲೂಕಿನಲ್ಲೂ ಇದ್ದಾರೆ. ಇದು ಆಗಬಾರದು. ಯಂತ್ರದ ಬಗ್ಗೆ ತಕರಾರಿದ್ದರೆ 2024ರ ಏಪ್ರಿಲ್ 26ರ ಸುಪ್ರೀಂ ಕೋರ್ಟ್ ತೀರ್ಪಿನ ನಂತರ ಎರಡನೇ, ಮೂರನೇ ಸ್ಥಾನದವರು ಏಳು ದಿನದೊಳಗೆ ಅರ್ಜಿ ಕೊಟ್ಟು, ಶುಲ್ಕ ಕಟ್ಟಿ ಶೇಕಡಾ 5ರಷ್ಟು ಯಂತ್ರಗಳ ಪರಿಶೀಲನೆ ಕೇಳಬಹುದು. ಹೈಕೋರ್ಟಿಗೆ ಚುನಾವಣಾ ತಕರಾರು ಅರ್ಜಿ ಹಾಕಲು 45 ದಿನ. 17ಸಿ ಪ್ರತಿಗಳನ್ನು ಅಲ್ಲಿಯವರೆಗೆ ಯಾರಿಗೂ ಕೊಡಬೇಡಿ.

ಮೊದಲ ವಾರ ಕಳೆದ ಮೇಲೆ, ನಿಮಗೆ ತೀರಾ ಕಡಿಮೆ ಮತ ಬಂದ ಐದು ಬೂತುಗಳಿಗೆ ಹೋಗಿ. ಗೆದ್ದಿದ್ದರೂ ಹೋಗಿ, ಸೋತಿದ್ದರೂ ಹೋಗಿ. ಕಾರುಗಳ ಸಾಲು ಬೇಡ, ಇಬ್ಬರು ಸಾಕು. ಬೂತುವಾರು ಪಟ್ಟಿಯನ್ನು ಮನೆಯಲ್ಲೇ ಬಿಟ್ಟು ಹೋಗಿ, ಅದು ಜೇಬಿನಲ್ಲಿ ಕಂಡರೆ ಜನ ಹೆದರುತ್ತಾರೆ. ಯಾರಿಗೆ ಹಾಕಿದಿರಿ ಎಂದು ಕೇಳಬೇಡಿ. ನಲ್ಲಿಯಲ್ಲಿ ನೀರು ಯಾವ ದಿನ, ಎಷ್ಟು ಹೊತ್ತು ಬರುತ್ತದೆ, ಪಡಿತರ ತರಲು ಎಷ್ಟು ದೂರ ನಡೆಯಬೇಕು, ಬೆಳಗಿನ ಬಸ್ಸು ಶಾಲೆಯ ಹೊತ್ತಿಗೆ ಬರುತ್ತದೆಯೇ, ಇಷ್ಟನ್ನು ಒಂದು ಖಾಲಿ ನೋಟ್‌ಬುಕ್ಕಿನಲ್ಲಿ ಊರಿನ ಹೆಸರು, ತಾರೀಖು ಹಾಕಿ ಬರೆದುಕೊಳ್ಳಿ.